ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲಾರೆಂಡನ್ ಎಂಬ ದಪ್ಪಕ್ಷರ

ಕಳೆದ ಸಂಚಿಕೆಯ ನಿಘಂಟು ವಿಶೇಷದಲ್ಲಿ, ತುಂಬಿದ ಪುಟದಲ್ಲಿ ಪದ ಹುಡುಕುವವರಿಗೆ ದಪ್ಪಕ್ಷರದಿಂದ ಆಗುವ ಉಪಕಾರವನ್ನು ವಿವರಿಸುತ್ತ ಕ್ಲಾರೆಂಡನ್ ಎಂಬ ಇಂಗ್ಲಿಷ್ ಅಕ್ಷರವಿನ್ಯಾಸವನ್ನು ಹೆಸರಿಸಿದ್ದೆವು. ಅದರ ಬಗ್ಗೆ ಇನ್ನಷ್ಟು ತಿಳಿಯಬಯಸಿ ಅಧ್ಯಾಪಕರು, ಡಿಟಿಪಿ ಕೆಲಸದವರು, ಪ್ರಕಾಶಕರು ಮತ್ತು ವಿದ್ಯಾರ್ಥಿಗಳು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಹಳೆಯ ಸಂಪುಟಗಳಲ್ಲಿ ಮುಖ್ಯ ಪದಗಳು ಕ್ಲಾರೆಂಡನ್ ಅಕ್ಷರದಲ್ಲಿ ಅಚ್ಚಾಗಿವೆ ಎಂದು ಬರೆದಿದ್ದೀರಿ. ಈ ಅಕ್ಷರವನ್ನು ರೂಪಿಸಿದವರು ಯಾರು, ಯಾವ ಉದ್ದೇಶಕ್ಕೆ? ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ದಪ್ಪಕ್ಷರಗಳೇ ಇರಲಿಲ್ಲವೇ?
(ಧಾರವಾಡದ ನಿವೃತ್ತ ಇಂಗ್ಲಿಷ್ ಅಧ್ಯಾಪಕರು)

ಉತ್ತರ: ಕ್ಲಾರೆಂಡನ್ ಹೊರಬಂದದ್ದು 1845ರಲ್ಲಿ, ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚುಮೊಳೆ ಕಾರ್ಖಾನೆಯಿಂದ. ಆ ಕಾರ್ಖಾನೆಯ ಪಾಲುದಾರರಾಗಿದ್ದ ರಾಬರ್ಟ್ ಬೆಸ್ಲಿ ಅದನ್ನು ಹೊರತಂದರು. ಮೊಳೆಯ ಅಚ್ಚು ತಯಾರಿಸಲು ಬಳಸುವ ಪಂಚು ಎಂಬ ಉಕ್ಕಿನ ಕಡ್ಡಿಗಳ ತುದಿಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ಕೊರೆದವರು ಬೆಂಜಮಿನ್ ಫಾಕ್ಸ್. ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರೆಸ್ಸಿನ ಹೆಸರನ್ನೇ ಅಕ್ಷರಕ್ಕೂ ಇಟ್ಟರು. ನೀವು ಹೇಳುವ ಮಹಾನಿಘಂಟಿನ ಮೊದಲ ಕಂತು 1884ರಲ್ಲಿ ಹೊರಟದ್ದೂ ಅದೇ ಪ್ರೆಸ್ಸಿನಿಂದ.

ದಪ್ಪಕ್ಷರಗಳು ಅದಕ್ಕೂ ಮೊದಲು ಇದ್ದವು, ಆದರೆ ಅವುಗಳ ಕೆಲಸ ಬೇರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಾಟರಿ, ನಾಟಕ, ಹರಾಜು, ಗಾಡಿ ಸಂಚಾರ ಮುಂತಾದವುಗಳ ಜಾಹೀರಾತು ಲಂಡನ್ನಿನ ಗೋಡೆಗಳನ್ನು ತುಂಬಿದಾಗ, ದೂರದಿಂದ ಕಾಣುವ ಅಕ್ಷರಕ್ಕೆ ಬೇಡಿಕೆ ಬಂತು. ಇದೇ ಫ್ಯಾನ್ ಸ್ಟ್ರೀಟ್ ಕಾರ್ಖಾನೆಯ ಹಿಂದಿನ ಮಾಲೀಕ ರಾಬರ್ಟ್ ಥಾರ್ನ್, ನಿಂತ ಗೀಟುಗಳು ಅತಿ ದಪ್ಪವಾಗಿಯೂ ಅಡ್ಡ ಗೀಟುಗಳು ಕೂದಲೆಳೆಯಷ್ಟು ತೆಳುವಾಗಿಯೂ ಇರುವ ಕೊಬ್ಬಿದ ಅಕ್ಷರಗಳನ್ನು ಎರಕ ಹೊಯ್ದರು. ಅವರ ನಂತರ 1820ರಲ್ಲಿ ಕಾರ್ಖಾನೆಯನ್ನು ಕೊಂಡ ವಿಲಿಯಂ ಥೊರೋಗುಡ್ ಅವರು ಅದಕ್ಕೆ ಬೇಕಾದ ಹಣವನ್ನು ಲಾಟರಿಯಲ್ಲೇ ಗೆದ್ದಿದ್ದರು ಎಂಬುದು ಆ ಕಾಲದ ಜಾಹೀರಾತು ಮುದ್ರಣದ ಚರಿತ್ರೆಗೆ ಒಪ್ಪುವ ಸಂಗತಿ. ಅದೇ ಅವಧಿಯಲ್ಲಿ ವಿನ್ಸೆಂಟ್ ಫಿಗಿನ್ಸ್ ಎಂಬ ಮತ್ತೊಬ್ಬ ಲಂಡನ್ ಮೊಳೆಗಾರರು, ತುದಿಗಳಲ್ಲಿ ಚೌಕಾಕಾರದ ದಪ್ಪ ಪಟ್ಟಿಗಳಿರುವ ಅಕ್ಷರವನ್ನು ಪ್ರಚಾರಕ್ಕೆ ತಂದರು. ಇವೆಲ್ಲ ಭಿತ್ತಿಪತ್ರದ ಅಕ್ಷರಗಳು. ಪುಸ್ತಕದ ಪುಟದೊಳಗೆ ಒಂದು ಪದವನ್ನು ಎತ್ತಿ ತೋರಿಸಬೇಕಾದರೆ ಓರೆ ಅಕ್ಷರ ಅಥವಾ ದೊಡ್ಡಕ್ಷರಗಳನ್ನು ಬಳಸುವುದೇ ರೂಢಿಯಾಗಿತ್ತು. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲಿ ಮುಖ್ಯ ಪದಗಳು ದೊಡ್ಡಕ್ಷರಗಳಲ್ಲೇ ಇವೆ.

ಬೆಸ್ಲಿಯವರ ಹೊಸತನ ಇರುವುದು ಇಲ್ಲಿ. ಸಾಮಾನ್ಯ ಪುಸ್ತಕದ ಅಕ್ಷರದ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ಅದೇ ಸಣ್ಣ ಅಳತೆಯಲ್ಲಿ ನಿಂತು, ಉಳಿದ ಪದಗಳಿಗಿಂತ ಕಪ್ಪಾಗಿ ಕಾಣುವ, ಹಾಗಿದ್ದೂ ಸಾಲಿನ ಓಟವನ್ನು ಕೆಡಿಸದ ದಪ್ಪಕ್ಷರ ಅವರಿಗೆ ಬೇಕಿತ್ತು. ಇಂದು ನಾವು ಕಂಪ್ಯೂಟರಿನಲ್ಲಿ ಯಾವುದೇ ಫಾಂಟಿನ ಜೊತೆಗೆ ಅದರ ಬೋಲ್ಡ್ ಇದ್ದೇ ಇರುತ್ತದೆಂದು ಭಾವಿಸುತ್ತೇವಲ್ಲ, ಆ ಸಹವಾಸದ ಕಲ್ಪನೆಗೆ ಕ್ಲಾರೆಂಡನ್ ಮೊದಲ ಹೆಜ್ಜೆ. ಬ್ರಿಟನ್ನಿನ 1842ರ ಅಲಂಕಾರಿಕ ವಿನ್ಯಾಸಗಳ ಕಾಯಿದೆಯಡಿ ಅದನ್ನು ನೋಂದಾಯಿಸಲಾಗಿತ್ತು, ಆದರೆ ರಕ್ಷಣೆ ಇದ್ದದ್ದು ಮೂರೇ ವರ್ಷ. ಅವಧಿ ಮುಗಿದ ಕೂಡಲೇ ಬೇರೆ ಕಾರ್ಖಾನೆಗಳು ತಮ್ಮ ತಮ್ಮ ಕ್ಲಾರೆಂಡನ್‌ಗಳನ್ನು ಮಾರುಕಟ್ಟೆಗೆ ಬಿಟ್ಟವು. ಬೇಗನೆ ಆ ಹೆಸರು ಒಂದು ಅಕ್ಷರದ್ದಾಗಿ ಉಳಿಯದೆ ಇಡೀ ಒಂದು ಪಂಗಡದ್ದಾಯಿತು. ಬೆಸ್ಲಿ ಮುಂದೆ, 1869ರಲ್ಲಿ, ಲಂಡನ್ನಿನ ಲಾರ್ಡ್ ಮೇಯರ್ ಆದರು.

ಪ್ರಶ್ನೆ: ದಪ್ಪ ಸೆರಿಫ್ ಅಕ್ಷರಗಳೆಲ್ಲ ನನಗೆ ಒಂದೇ ತರಹ ಕಾಣುತ್ತವೆ. ಕ್ಲಾರೆಂಡನ್ ಅನ್ನು ಖಚಿತವಾಗಿ ಗುರುತಿಸುವುದು ಹೇಗೆ?
(ಬೆಂಗಳೂರಿನ ಗ್ರಾಫಿಕ್ ವಿನ್ಯಾಸದ ವಿದ್ಯಾರ್ಥಿನಿ)

ಉತ್ತರ: ಮೊದಲು ಪಾದಗಳನ್ನು ನೋಡಿ. ಸೆರಿಫ್ ಎಂದರೆ ಅಕ್ಷರದ ಗೀಟು ಮುಗಿಯುವಲ್ಲಿ ಇರುವ ಚಿಕ್ಕ ಅಡ್ಡಪಟ್ಟಿ. ಕ್ಲಾರೆಂಡನ್ನಿನಲ್ಲಿ ಈ ಪಟ್ಟಿ ದಪ್ಪವಾಗಿದೆ, ತುದಿ ನೇರವಾಗಿ ಕತ್ತರಿಸಿದಂತಿದೆ, ಆದರೆ ನಿಂತ ಗೀಟನ್ನು ಸೇರುವ ಮೂಲೆಯಲ್ಲಿ ಅದು ಒಂದು ಚಿಕ್ಕ ಬಾಗಿನಿಂದ ಸೇರುತ್ತದೆ. ಗುರುತಿನಲ್ಲಿ ಅತಿ ಮುಖ್ಯವಾದದ್ದು ಈ ಬಾಗು. 1934ರ ರಾಕ್‌ವೆಲ್‌ನಂತಹ ಅಕ್ಷರಗಳಲ್ಲಿ ಪಟ್ಟಿ ಮತ್ತು ಗೀಟು ಮಟ್ಟಸವಾಗಿ, ಲಂಬಕೋನದಲ್ಲಿ ಸೇರುತ್ತವೆ. ದಪ್ಪ ತೆಳುವಿನ ಅಂತರ ಬಹಳ ಹೆಚ್ಚಿರುವ ಬೊಡೋನಿ ಎಂಬ ಮಾದರಿಯ ದಪ್ಪಕ್ಷರಗಳಲ್ಲಿ ಪಟ್ಟಿ ಕೂದಲೆಳೆಯಷ್ಟೇ ಇರುತ್ತದೆ. ಮೂರನ್ನೂ ಒಂದೇ ಪದದಲ್ಲಿ, ದೊಡ್ಡ ಅಳತೆಯಲ್ಲಿ ಅಚ್ಚು ಮಾಡಿಕೊಂಡು ಮೂಲೆಗಳನ್ನು ಮಾತ್ರ ದಿಟ್ಟಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಎರಡನೆಯದು ದಪ್ಪ ಮತ್ತು ತೆಳುವಿನ ನಡುವಿನ ಅಂತರ. ಥಾರ್ನ್ ಅವರ ಕೊಬ್ಬಿದ ಅಕ್ಷರದಲ್ಲಿ ಈ ಅಂತರ ವಿಪರೀತ. ಅದನ್ನು ಎಂಟು ಪಾಯಿಂಟಿಗೆ (ಪಾಯಿಂಟ್ ಎಂದರೆ ಅಕ್ಷರದ ಗಾತ್ರದ ಅಳತೆ) ಇಳಿಸಿದರೆ ತೆಳು ಗೀಟುಗಳು ಅಚ್ಚಿನಲ್ಲಿ ತುಂಡಾಗಿ ಬೀಳುತ್ತವೆ, ದಪ್ಪ ಗೀಟುಗಳು ಒಳಗಿನ ಬಿಳಿಯನ್ನು ನುಂಗುತ್ತವೆ. ಫಾಕ್ಸ್ ತೆಳು ಗೀಟುಗಳಿಗೆ ಮೈ ತುಂಬಿದರು, ದಪ್ಪ ಗೀಟುಗಳನ್ನು ಹದಕ್ಕೆ ತಂದರು. ಆದರೂ ಎಲ್ಲವನ್ನೂ ಒಂದೇ ದಪ್ಪಕ್ಕೆ ಎಳೆದುಬಿಡಲಿಲ್ಲ. ಅಕ್ಷರಕ್ಕೆ ಪುಸ್ತಕದ ಲಕ್ಷಣ ಉಳಿದದ್ದು ಇದರಿಂದ. ಸಣ್ಣ ಅಳತೆಯಲ್ಲಿ ಬಾಳುವ ದಪ್ಪಕ್ಷರವನ್ನು ರಚಿಸುವುದರಲ್ಲಿ, ಎಲ್ಲಿ ಮಸಿ ಹೆಚ್ಚಿಸಬೇಕು ಎಂಬುದಕ್ಕಿಂತ ಎಲ್ಲಿ ಬಿಳಿಯನ್ನು ಕಾಪಾಡಬೇಕು ಎಂಬ ತೀರ್ಮಾನವೇ ಕಷ್ಟದ್ದು, ಮತ್ತು ಆ ತೀರ್ಮಾನದಲ್ಲಿ ಕ್ಲಾರೆಂಡನ್ ಇಂದಿಗೂ ಪಾಠ ಹೇಳುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೂರನೆಯದು ಗುಂಡುಗಳು. ಇಂಗ್ಲಿಷಿನ ಸಣ್ಣಕ್ಷರಗಳಾದ ಎ, ಸಿ, ಎಫ್, ಆರ್ ಇವುಗಳ ಬಾಗಿದ ತುದಿಯಲ್ಲಿ ಮಸಿಯ ದುಂಡನೆಯ ಬಿಂದು ಇರುತ್ತದೆ. ಎರಡು ಅಂತಸ್ತಿನ ಸಣ್ಣ ಜಿಯ ಕಿವಿಯೂ, ಅಂದರೆ ಮೇಲ್ಭಾಗದಿಂದ ಹೊರಚಾಚುವ ಚಿಕ್ಕ ಕೊಂಡಿಯೂ, ಹೀಗೆಯೇ ಗುಂಡಾಗಿ ಮುಗಿಯುತ್ತದೆ. ಇಷ್ಟಾದ ಮೇಲೂ ಸಂದೇಹ ಉಳಿದರೆ ದೊಡ್ಡ ಆರ್ ಅಕ್ಷರವನ್ನು ನೋಡಿ: ಅದರ ಬಲಗಾಲು ಓರೆಯಾಗಿ ಚಾಚುವುದಿಲ್ಲ, ಹೊಟ್ಟೆಯಿಂದ ಬಾಗಿ ಕೆಳಗಿಳಿದು ನೆಲ ಮುಟ್ಟಿ, ತುದಿಯಲ್ಲಿ ಮತ್ತೆ ಮೇಲಕ್ಕೆ ಸುರುಳಿಯಾಗುತ್ತದೆ. ಸಣ್ಣ ಎ ಅಕ್ಷರದ ಬಾಲವೂ ಹಾಗೆಯೇ ಮೇಲಕ್ಕೆ ತಿರುಗುತ್ತದೆ. ಗಂಭೀರವಾದ ಮೈಕಟ್ಟಿನ ಈ ಅಕ್ಷರಕ್ಕೆ ಒಂದು ಸ್ನೇಹದ ಚಹರೆ ಬಂದಿರುವುದು ಈ ಸುರುಳಿ ಮತ್ತು ಗುಂಡುಗಳಿಂದ.

ಕಂಪ್ಯೂಟರಿನಲ್ಲಿ ನಿಮಗೆ ಸಿಗುವ ಕ್ಲಾರೆಂಡನ್ ಬಹುಪಾಲು 1845ರದ್ದಲ್ಲ ಎಂಬುದೂ ತಿಳಿದಿರಲಿ. ಸ್ವಿಟ್ಜರ್ಲೆಂಡಿನ ಹಾಸ್ ಕಾರ್ಖಾನೆಗಾಗಿ ಹರ್ಮನ್ ಐಡೆನ್‌ಬೆನ್ಸ್ 1953ರಲ್ಲಿ ಅದನ್ನು ಹೊಸದಾಗಿ ಬರೆದರು. ಬೆಸ್ಲಿಯವರ ಮೂಲ ಅಕ್ಷರ ಸಾಲಿನಲ್ಲಿ ಜಾಗ ಉಳಿಸಲು ಕೊಂಚ ಇಕ್ಕಟ್ಟಾಗಿತ್ತು. ಐಡೆನ್‌ಬೆನ್ಸ್ ಅದನ್ನು ಅಗಲವಾಗಿಸಿ, ಅಂಚುಗಳನ್ನು ಶುಚಿಗೊಳಿಸಿದರು. 1955ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗೆ ಫ್ರೀಮನ್ ಕ್ರಾ ಇನ್ನೂ ಅಗಲವಾದ ಆವೃತ್ತಿಯೊಂದನ್ನು ಕೊಟ್ಟರು. ಮೂಲದ ರುಚಿ ಬೇಕಾದವರು ಹಳೆಯ ನಿಘಂಟಿನ ಒಂದು ಪುಟವನ್ನು ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು.

ಪ್ರಶ್ನೆ: ಇದೇ ಅಕ್ಷರವನ್ನು ಕೌಬಾಯ್ ಸಿನಿಮಾಗಳಲ್ಲಿ ಬರುವ, ಕಳ್ಳನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಘೋಷಿಸುವ ಭಿತ್ತಿಪತ್ರಗಳಲ್ಲೂ ಕಂಡಂತಿದೆ. ಇಲ್ಲಿನ ರಾಷ್ಟ್ರೀಯ ಉದ್ಯಾನಗಳ ಫಲಕಗಳಲ್ಲೂ ಇದನ್ನೇ ನೋಡಿದ ನೆನಪು. ನಿಘಂಟಿನ ಅಕ್ಷರ ಅಲ್ಲಿಗೆ ಹೇಗೆ ಹೋಯಿತು?
(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು)

ಉತ್ತರ: ಮರದ ಮೂಲಕ ಹೋಯಿತು. ಭಿತ್ತಿಪತ್ರದ ಗೇಣುದ್ದದ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ತೂಕ ಹೆಚ್ಚು, ಬೆಲೆ ಹೆಚ್ಚು, ಆರುವಾಗ ಮೇಲ್ಮೈ ತಗ್ಗಿಹೋಗುವ ತೊಂದರೆ ಬೇರೆ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1820ರ ದಶಕದ ಕೊನೆಯಲ್ಲಿ ತಿರುಗುವ ಅಲಗಿನ ಯಂತ್ರದಿಂದ ಗಟ್ಟಿಮರದಲ್ಲಿ ಅಕ್ಷರ ಕೊರೆಯುವ ವಿಧಾನವನ್ನು ಬಳಕೆಗೆ ತಂದರು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಎಂಬ, ಮಾದರಿಯ ಗೆರೆಯನ್ನು ಅನುಸರಿಸಿ ಬೇರೆ ಅಳತೆಯಲ್ಲಿ ನಕಲು ತೆಗೆಯುವ ಸಾಧನವನ್ನು ಜೋಡಿಸಿದ ಮೇಲೆ, ಒಂದೇ ಮಾದರಿಯನ್ನು ಹಿಗ್ಗಿಸಿ, ಕುಗ್ಗಿಸಿ, ಎಷ್ಟು ಅಳತೆಗಳಲ್ಲಿ ಬೇಕಾದರೂ ಕೊರೆಯುವುದು ಸಾಧ್ಯವಾಯಿತು. ಕ್ಲಾರೆಂಡನ್ನಿನ ರಕ್ಷಣೆಯ ಅವಧಿ ಮುಗಿದಿದ್ದರಿಂದ ಅಮೆರಿಕದ ಮರದಕ್ಷರದವರು ಅದನ್ನು ಎತ್ತಿಕೊಂಡು ಉದ್ದ, ಅಗಲ, ಇಕ್ಕಟ್ಟು ಎಂದು ನಾನಾ ರೂಪಗಳಲ್ಲಿ ಕೊರೆದರು. ನೀವು ಹೇಳುವ ಬಹುಮಾನದ ಭಿತ್ತಿಪತ್ರದ ಅಕ್ಷರ ಸಾಮಾನ್ಯವಾಗಿ ಫ್ರೆಂಚ್ ಕ್ಲಾರೆಂಡನ್ ಎಂಬ ಶಾಖೆಗೆ ಸೇರಿದ್ದು. ಅದರಲ್ಲಿ ಲೆಕ್ಕ ತಿರುವುಮುರುವಾಗಿದೆ: ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳು ಅತಿ ದಪ್ಪ, ನಿಂತ ಗೀಟುಗಳು ಸಣಕಲು. ಬೆಸ್ಲಿಯವರ ಉದ್ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಸಣ್ಣ ಅಳತೆಯಲ್ಲಿ ಅದನ್ನು ಓದಲು ಆಗುವುದೇ ಇಲ್ಲ.

ಉದ್ಯಾನದ ಫಲಕಗಳ ವಿಷಯದಲ್ಲಿ ನಿಮ್ಮ ನೆನಪು ಸರಿ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ರಸ್ತೆ ಫಲಕಗಳಲ್ಲಿ ಕ್ಲಾರೆಂಡನ್ ಬಹುಕಾಲ ಬಳಕೆಯಲ್ಲಿತ್ತು. ಅದರ ಬದಲಿಗೆಂದು ಜೇಮ್ಸ್ ಮೊಂಟಾಲ್ಬಾನೊ ರಾಲಿನ್ಸನ್ ಎಂಬ ಹೊಸ ಅಕ್ಷರವನ್ನು ರೂಪಿಸಿದರು. ಸೋನಿ ಕಂಪನಿಯ ಲಾಂಛನದ ನಾಲ್ಕು ಅಕ್ಷರಗಳೂ ಇದೇ ಪಂಗಡದ ಮೈಕಟ್ಟಿನವು.

ಪ್ರಶ್ನೆ: ನಮ್ಮ ಡಿಟಿಪಿ ಕೇಂದ್ರದಲ್ಲಿ ಯಾವ ಫಾಂಟ್ ಆದರೂ ಬೋಲ್ಡ್ ಗುಂಡಿ ಒತ್ತಿದರೆ ದಪ್ಪವಾಗುತ್ತದೆ. ಹಾಗಿರುವಾಗ ದಪ್ಪಕ್ಕೆಂದೇ ಬೇರೆ ಅಕ್ಷರ ಬೇಕೇ? ಗುಂಡಿ ಒತ್ತಿ ಮಾಡಿದ ದಪ್ಪದಲ್ಲಿ ಏನು ಕೊರತೆ?
(ಮೈಸೂರಿನ ಡಿಟಿಪಿ ಕೆಲಸಗಾರರು)

ಉತ್ತರ: ಆ ಗುಂಡಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ, ಯಾವುದನ್ನು ಮಾಡಿತೆಂದು ಹೇಳುವುದಿಲ್ಲ. ಫಾಂಟಿನ ಕುಟುಂಬದಲ್ಲಿ ವಿನ್ಯಾಸಕಾರರು ಬರೆದಿಟ್ಟ ದಪ್ಪ ರೂಪ ಇದ್ದರೆ ಅದನ್ನು ತಂದು ಕೂರಿಸುತ್ತದೆ. ಇಲ್ಲದಿದ್ದರೆ ಅನೇಕ ತಂತ್ರಾಂಶಗಳು ಇರುವ ಅಕ್ಷರದ ಅಂಚಿಗೇ ಸುತ್ತಲೂ ಮಸಿ ಬಳಿಯುತ್ತವೆ. ಹೀಗೆ ಬಳಿದಾಗ ಗೀಟು ಎಷ್ಟು ಹೊರಕ್ಕೆ ದಪ್ಪವಾಗುತ್ತದೋ ಅಷ್ಟೇ ಒಳಕ್ಕೂ ದಪ್ಪವಾಗುತ್ತದೆ. ತೆಳು ಗೀಟಿಗೂ ದಪ್ಪ ಗೀಟಿಗೂ ಒಂದೇ ಪ್ರಮಾಣದಲ್ಲಿ ಮಸಿ ಸೇರುತ್ತದೆ. ಗೀಟುಗಳು ಕೂಡುವ ಮೂಲೆಗಳು ಕಟ್ಟಿಕೊಳ್ಳುತ್ತವೆ. ನಿಜವಾಗಿ ಬರೆದ ದಪ್ಪಕ್ಷರದಲ್ಲಿ ಅಕ್ಷರದ ಅಗಲವನ್ನು ಹೆಚ್ಚಿಸಿ ಒಳಗಿನ ಬಿಳಿಯನ್ನು ಉಳಿಸಿರುತ್ತಾರೆ, ಕೂಡುವ ಮೂಲೆಯಲ್ಲಿ ಗೀಟನ್ನು ಸ್ವಲ್ಪ ತೆಳುಮಾಡಿರುತ್ತಾರೆ.

ಇಂಗ್ಲಿಷಿನಲ್ಲಿ ಇದರಿಂದ ಪುಟದ ಅಂದ ಕೆಡುತ್ತದೆ. ಕನ್ನಡದಲ್ಲಿ ಪದವೇ ಬದಲಾಗಿಬಿಡಬಹುದು. ರ, ಠ, ದ, ಧ, ಥ ಈ ಐದು ಅಕ್ಷರಗಳನ್ನು ಒಟ್ಟಿಗೆ ಬರೆದು ನೋಡಿ. ರ ಮತ್ತು ಠ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಧ ಮತ್ತು ಥ ನಡುವಿನದು ಮತ್ತೆ ಒಂದು ಚುಕ್ಕಿ. ಒಂಬತ್ತು ಪಾಯಿಂಟಿನ ಅಕ್ಷರಕ್ಕೆ ಯಂತ್ರ ಮಸಿ ಬಳಿದು, ಅದು ಒರಟು ಕಾಗದದ ಮೇಲೆ ಅಚ್ಚಾಗಿ ಮಸಿ ಇನ್ನಷ್ಟು ಹರಡಿದರೆ ಸೀಳು ಮುಚ್ಚಿಹೋಗುತ್ತದೆ, ಚುಕ್ಕಿ ಹೊಟ್ಟೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆಗ ಧನ ದನವಾಗುತ್ತದೆ, ಅರ್ಥ ಯಾವುದು ಅರ್ಧ ಯಾವುದು ಎಂದು ತಿಳಿಯದಾಗುತ್ತದೆ. ಶಾಲೆಯ ಮಕ್ಕಳ ಪುಸ್ತಕದಲ್ಲಿ ಕಲಿಯಬೇಕಾದ ಪದವನ್ನೇ ದಪ್ಪಕ್ಷರದಲ್ಲಿ ಹಾಕುತ್ತೇವೆ. ಅದೇ ಪದ ಎಲ್ಲಕ್ಕಿಂತ ಅಸ್ಪಷ್ಟವಾಗಿ ಅಚ್ಚಾಗುವುದು ಬಹಳ ಬೇಸರದ ಸಂಗತಿ.

ಪರೀಕ್ಷೆ ಸುಲಭ. ಫಾಂಟ್ ಪಟ್ಟಿಯಲ್ಲಿ ಆ ಕುಟುಂಬದ ಹೆಸರಿನೊಡನೆ ಬೋಲ್ಡ್ ಎಂಬ ಪ್ರತ್ಯೇಕ ಕಡತ ಇದೆಯೇ ನೋಡಿ. ಟೀರೋ ಕನ್ನಡ ಎಂಬ ಸೊಗಸಾದ ಫಾಂಟನ್ನು ತೆಗೆದುಕೊಳ್ಳಿ: ಅದರಲ್ಲಿ ಸಾಮಾನ್ಯ ಮತ್ತು ಓರೆ ಎಂಬ ಎರಡು ರೂಪಗಳಷ್ಟೇ ಇವೆ. ಅದರ ಮೇಲೆ ಬೋಲ್ಡ್ ಒತ್ತಿದಾಗ ಪರದೆಯಲ್ಲಿ ಕಾಣುವ ದಪ್ಪ ಅದರ ವಿನ್ಯಾಸಕಾರರದ್ದಲ್ಲ, ತಂತ್ರಾಂಶದ್ದು.

ಪ್ರಶ್ನೆ: ಇಂಗ್ಲಿಷ್‌ನಿಂದ ಕನ್ನಡಕ್ಕೆ ಒಂದು ಚಿಕ್ಕ ಪಾರಿಭಾಷಿಕ ಪದಕೋಶವನ್ನು ಹೊರತರುತ್ತಿದ್ದೇವೆ. ಇಂಗ್ಲಿಷ್ ಪದಗಳಿಗೆ ಕ್ಲಾರೆಂಡನ್ ಬಳಸಬೇಕೆಂದಿದ್ದೇವೆ. ಅದರ ಜೊತೆಗೆ ಹೊಂದುವ ಕನ್ನಡ ಅಕ್ಷರ ಯಾವುದು?
(ಉಡುಪಿ ಜಿಲ್ಲೆಯ ಸಣ್ಣ ಪ್ರಕಾಶಕರು)

ಉತ್ತರ: ಆಯ್ಕೆ ಚೆನ್ನಾಗಿದೆ, ಕ್ಲಾರೆಂಡನ್ ಯಾವ ಕೆಲಸಕ್ಕೆ ಹುಟ್ಟಿತೋ ಅದೇ ಕೆಲಸಕ್ಕೆ ಅದನ್ನು ಕರೆಯುತ್ತಿದ್ದೀರಿ. ನಿಮ್ಮ ಕರಾವಳಿಗೆ ನಿಘಂಟು ಮುದ್ರಣದ ದೊಡ್ಡ ಪರಂಪರೆಯೂ ಇದೆ. ಕಿಟ್ಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಬಂತು; ಎರಡು ಲಿಪಿಗಳು ಒಂದೇ ಸಾಲಿನಲ್ಲಿ ನಡೆಯುವ ಪುಟವನ್ನು ಮೊಳೆ ಜೋಡಿಸಿಯೇ ಕಟ್ಟಿದ ಆ ಶ್ರಮವನ್ನು ಒಮ್ಮೆ ಮೂಲ ಮುದ್ರಣದಲ್ಲಿ ನೋಡುವಂತೆ ಕೇಳಿಕೊಳ್ಳುತ್ತೇವೆ.

ಕನ್ನಡದಲ್ಲಿ ಕ್ಲಾರೆಂಡನ್ನಿನ ಪಡಿಯಚ್ಚನ್ನು ಹುಡುಕಲು ಹೋಗಬೇಡಿ. ಇಂಗ್ಲಿಷ್ ಅಕ್ಷರದ ಭಾರ ನಿಂತ ಗೀಟುಗಳ ಮೇಲಿದೆ, ಪಾದದ ಪಟ್ಟಿಗಳು ಆ ಗೀಟುಗಳಿಗೆ ನೆಲೆ ಕೊಡುತ್ತವೆ. ಕನ್ನಡದಲ್ಲಿ ನೇರವಾಗಿ ನಿಂತ ಗೀಟುಗಳೇ ಅಪರೂಪ; ಅಕ್ಷರ ಕಟ್ಟಿರುವುದು ದುಂಡು, ಅರೆದುಂಡು, ಕೊಂಡಿ ಮತ್ತು ತಲೆಕಟ್ಟುಗಳಿಂದ. ಆದ್ದರಿಂದ ಕನ್ನಡ ಅಕ್ಷರದ ಬುಡಕ್ಕೆ ಇಂಗ್ಲಿಷಿನಂತೆ ಪಟ್ಟಿ ಅಂಟಿಸಿದ ಅಲಂಕಾರಿಕ ಫಾಂಟುಗಳು ಎರಡು ಲಿಪಿಗಳನ್ನು ಹತ್ತಿರ ತರುವುದಿಲ್ಲ, ಕನ್ನಡವನ್ನು ಓದಲು ತೊಡಕು ಮಾಡುತ್ತವೆ. ಹೊಂದಿಸಬೇಕಾದದ್ದು ಆಕಾರವನ್ನಲ್ಲ, ಕಪ್ಪಿನ ಪ್ರಮಾಣವನ್ನು. ಪುಟವನ್ನು ಕೈಯಳತೆಯಷ್ಟು ದೂರ ಹಿಡಿದು ಕಣ್ಣನ್ನು ಅರೆ ಮುಚ್ಚಿ ನೋಡಿದಾಗ ಇಂಗ್ಲಿಷ್ ಪದ ಮತ್ತು ಕನ್ನಡ ಪದ ಎರಡೂ ಒಂದೇ ಬಗೆಯ ಬೂದುಬಣ್ಣವಾಗಿ ಕಂಡರೆ ಅವು ಹೊಂದಿಕೊಂಡಿವೆ ಎಂದು ತಿಳಿಯಿರಿ.

ಇದಕ್ಕೆ ದಪ್ಪದ ಹಲವು ಹಂತಗಳನ್ನು ಬರೆದಿಟ್ಟಿರುವ ಕುಟುಂಬ ಬೇಕು. ನೋಟೊ ಸೆರಿಫ್ ಕನ್ನಡದಲ್ಲಿ ಅತಿ ತೆಳುವಿನಿಂದ ಅತಿ ದಪ್ಪದವರೆಗೆ ಹಂತಗಳಿವೆ. ಗೀಟಿನಲ್ಲಿ ದಪ್ಪ ತೆಳುವಿನ ಏರಿಳಿತ ಇರುವುದರಿಂದ ಕ್ಲಾರೆಂಡನ್ನಿನ ಸ್ವಭಾವಕ್ಕೆ ಅದು ಹತ್ತಿರ. ನಮ್ಮ ಮೊದಲ ಶಿಫಾರಸು ಅದೇ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡದಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು, ಹಾಗಾಗಿ ಇಕ್ಕಟ್ಟಾದ ಅಂಕಣಗಳಿಗೆ ಅದು ಅನುಕೂಲ. ಆದರೆ ಅದರ ಗೀಟು ಆಧುನಿಕ ಬಗೆಯದು, ಹಳೆಯ ಪುಸ್ತಕದ ಭಾವ ಬರುವುದಿಲ್ಲ. ಅದೇ ಸಂಸ್ಥೆಯ ಬಲೂ ತಮ್ಮ ಶೀರ್ಷಿಕೆಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಬಹಳ ಚೆನ್ನ. ಪದಕೋಶದ ಒಳಪುಟಕ್ಕೆ ನಾವು ಅದನ್ನು ಒಪ್ಪುವುದಿಲ್ಲ.

ಅಳತೆಯ ವಿಷಯದಲ್ಲಿ ಪಾಯಿಂಟಿನ ಸಂಖ್ಯೆಯನ್ನು ನಂಬಬೇಡಿ. ಎರಡು ಫಾಂಟುಗಳಿಗೆ ಹತ್ತು ಪಾಯಿಂಟ್ ಎಂದು ಕೊಟ್ಟರೂ ಅಕ್ಷರದ ಮೈ ಒಂದೇ ಎತ್ತರ ಬರುವುದಿಲ್ಲ. ಕನ್ನಡದ ರ ಅಥವಾ ಅ ಅಕ್ಷರದ ಎತ್ತರ ಇಂಗ್ಲಿಷಿನ ಸಣ್ಣಕ್ಷರದ ಎತ್ತರಕ್ಕಿಂತ ತುಸು ಹೆಚ್ಚಾಗಿ, ದೊಡ್ಡಕ್ಷರದ ಎತ್ತರಕ್ಕಿಂತ ಕಡಿಮೆಯಾಗಿ ಇರುವಂತೆ ಕನ್ನಡದ ಅಳತೆಯನ್ನು ಅರ್ಧರ್ಧ ಪಾಯಿಂಟ್ ಸರಿಸುತ್ತ ಕಣ್ಣಿನಿಂದಲೇ ನಿಶ್ಚಯಿಸಿ. ಸಾಲುಗಳ ನಡುವಿನ ಜಾಗವನ್ನು ಮಾತ್ರ ಕನ್ನಡದ ಅಗತ್ಯಕ್ಕೆ ತಕ್ಕಂತೆ ಇಡಿ, ಇಂಗ್ಲಿಷಿನ ಅಗತ್ಯಕ್ಕಲ್ಲ. ರಾಷ್ಟ್ರ, ಶಾಸ್ತ್ರ ಇಂತಹ ಪದಗಳಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಇಳಿಯುತ್ತದೆ. ದಪ್ಪಕ್ಷರದಲ್ಲಿ ಅದು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗಿದರೆ ಎರಡು ಪದಗಳೂ ಕೆಡುತ್ತವೆ. ಪಾರಿಭಾಷಿಕ ಪದಗಳಲ್ಲಿ ಇಂತಹ ಸಂಯುಕ್ತಾಕ್ಷರಗಳೇ ಹೆಚ್ಚು ಎಂಬುದನ್ನು ಮರೆಯಬಾರದು. ಕರಡನ್ನು ಪರದೆಯಲ್ಲಿ ಮಾತ್ರ ನೋಡದೆ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಎರಡು ಪುಟ ಅಚ್ಚು ಹಾಕಿಸಿ ನೋಡಿದ ನಂತರವೇ ಉಳಿದ ಕೆಲಸಕ್ಕೆ ಕೈ ಹಾಕಿ.

ಇನ್ನೊಂದು ಮಾತು. ಪದಕೋಶದ ಒಂದು ಉಲ್ಲೇಖದಲ್ಲಿ ದಪ್ಪವಾಗಿರಬೇಕಾದದ್ದು ಓದುಗರು ಹುಡುಕಿಕೊಂಡು ಬರುವ ಪದ ಮಾತ್ರ. ನಿಮ್ಮದು ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗುವ ಕೋಶವಾದ್ದರಿಂದ ಇಂಗ್ಲಿಷ್ ಪದ ದಪ್ಪವಾಗಿರಲಿ, ಕನ್ನಡ ಅರ್ಥ ಸಾಮಾನ್ಯ ಅಕ್ಷರದಲ್ಲಿರಲಿ. ಕನ್ನಡದ ಮೇಲಿನ ಪ್ರೀತಿಯಿಂದ ಎರಡನ್ನೂ ದಪ್ಪಗೊಳಿಸಿದರೆ ಪುಟ ಇಡಿಯಾಗಿ ಕಪ್ಪಾಗಿ, ಯಾವ ಪದವೂ ಕಣ್ಣಿಗೆ ಸಿಗುವುದಿಲ್ಲ. ಕೋಶದ ಕೊನೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಅನುಕ್ರಮಣಿಕೆ ಕೊಡುವುದಾದರೆ ಅಲ್ಲಿ ಕನ್ನಡ ಪದಗಳನ್ನು ದಪ್ಪಗೊಳಿಸಿ, ಮೇಲೆ ಹೇಳಿದ ಜೋಡಣೆ ಅಲ್ಲಿ ಪೂರ್ಣವಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಈ ಅಕ್ಷರದಲ್ಲೇ ಇಡೀ ಪುಸ್ತಕವನ್ನು ಅಚ್ಚು ಹಾಕಬಹುದೇ?
(ಮಂಡ್ಯದ ಕಾಲೇಜು ವಿದ್ಯಾರ್ಥಿ)

ಉತ್ತರ: ಬೇಡ. ಹತ್ತು ಸಾಲಿನ ನಂತರ ಕಣ್ಣು ದಣಿಯುತ್ತದೆ, ಒತ್ತು ಕೊಡಬೇಕಾದ ಪದಕ್ಕೆ ಒತ್ತು ಕೊಡಲು ದಾರಿ ಉಳಿಯುವುದಿಲ್ಲ. ಹಲವು ಕ್ಲಾರೆಂಡನ್ ಆವೃತ್ತಿಗಳಿಗೆ ಓರೆ ರೂಪವೂ ಇಲ್ಲ; ಆ ಕೊರತೆಯನ್ನು ತುಂಬುವ ಉದ್ದೇಶದಿಂದಲೇ 2009ರಲ್ಲಿ ಸೆಂಟಿನೆಲ್ ಎಂಬ ಕುಟುಂಬ ಬಂತು.

ಆದರೆ ಕ್ಲಾರೆಂಡನ್ನಿನ ಕಟ್ಟುಮಸ್ತುತನವನ್ನು ತೆಳುಮಾಡಿ ಓದಿಗೆ ಒಗ್ಗಿಸಿದ ಪರಂಪರೆ ಒಂದಿದೆ. ಪತ್ರಿಕೆಗಳನ್ನು ಒರಟು ಕಾಗದದ ಮೇಲೆ ವೇಗದ ಯಂತ್ರಗಳಲ್ಲಿ ಅಚ್ಚು ಹಾಕುವಾಗ ತೆಳು ಗೀಟಿನ ಅಕ್ಷರಗಳು ಒಡೆಯುತ್ತಿದ್ದವು. ಅಮೆರಿಕದ ಲೈನೋಟೈಪ್ ಕಂಪನಿಗಾಗಿ ಚಾನ್ಸಿ ಗ್ರಿಫಿತ್ ಅವರ ನೇತೃತ್ವದಲ್ಲಿ 1925ರಲ್ಲಿ ಅಯಾನಿಕ್, 1931ರಲ್ಲಿ ಎಕ್ಸೆಲ್ಸಿಯರ್, 1941ರಲ್ಲಿ ಕರೋನಾ ಎಂಬ ಅಕ್ಷರಗಳು ಬಂದವು. ಗಟ್ಟಿಯಾದ ಪಾದ, ಅಂತರ ಕಡಿಮೆ ಇರುವ ಗೀಟು, ತೆರೆದ ಹೊಟ್ಟೆ ಇವೆಲ್ಲ ಕ್ಲಾರೆಂಡನ್ ಮನೆತನದ್ದೇ ಲಕ್ಷಣಗಳು. ಆ ಕಾಲದ ಇಂಗ್ಲಿಷ್ ಪತ್ರಿಕೆಗಳ ಕಡತ ನಿಮ್ಮ ಗ್ರಂಥಾಲಯದಲ್ಲಿದ್ದರೆ ಸುದ್ದಿಯ ಸಣ್ಣಕ್ಷರವನ್ನು ಗಮನಿಸಿ.

ಪ್ರಶ್ನೆ: ಹೊಸ ಬೇಕರಿಯ ಹೆಸರಿನ ಫಲಕಕ್ಕೆ ಕ್ಲಾರೆಂಡನ್ ಸೂಕ್ತವೇ? ಇದನ್ನು ಬಳಸಲು ಹಣ ಕೊಡಬೇಕೇ?
(ಬಳ್ಳಾರಿಯ ಓದುಗರು)

ಉತ್ತರ: ಬೇಕರಿಗೆ ಸೂಕ್ತ. ದುಂಡು ತುದಿಗಳಿಂದಾಗಿ ಈ ಅಕ್ಷರ ನಂಬಿಕೆಯನ್ನೂ ಆತ್ಮೀಯತೆಯನ್ನೂ ಒಟ್ಟಿಗೆ ಸೂಚಿಸುತ್ತದೆ, ರಸ್ತೆಯ ಆಚೆ ಬದಿಯಿಂದಲೂ ಓದಬಹುದು. ಆದರೆ ವಿನ್ಯಾಸವನ್ನು ಇಂಗ್ಲಿಷಿನಿಂದ ಆರಂಭಿಸಬೇಡಿ. 2024ರ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಅಂಗಡಿ ಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಇದನ್ನು ಬರೀ ನಿಯಮವೆಂದು ಪಾಲಿಸುವವರು ಇಂಗ್ಲಿಷ್ ಹೆಸರನ್ನು ಚೆಂದವಾಗಿ ಬರೆಸಿ, ಮೇಲೆ ಸಿಕ್ಕ ಫಾಂಟಿನಲ್ಲಿ ಕನ್ನಡವನ್ನು ಎಳೆದು ಅಗಲಿಸಿ ತುಂಬುತ್ತಾರೆ. ಹಾಗೆ ಅಡ್ಡಕ್ಕೆ ಎಳೆದಾಗ ನಿಂತ ದಿಕ್ಕಿನ ಬಾಗುಗಳು ದಪ್ಪವಾಗಿ ತಲೆಕಟ್ಟು ಸಣಕಲಾಗಿ ಉಳಿಯುತ್ತದೆ, ಅಕ್ಷರ ವಿಕಾರವಾಗುತ್ತದೆ. ಮೊದಲು ಕನ್ನಡ ಹೆಸರನ್ನು ಒಳ್ಳೆಯ ದಪ್ಪಕ್ಷರದಲ್ಲಿ ನಿಲ್ಲಿಸಿ, ಅಥವಾ ನಿಮ್ಮ ಊರಿನಲ್ಲಿ ಕೈಯಿಂದ ಬೋರ್ಡ್ ಬರೆಯುವ ಕಲಾವಿದರಿದ್ದರೆ ಅವರಿಂದಲೇ ಬರೆಸಿ. ಅದರ ಗೀಟಿನ ದಪ್ಪಕ್ಕೆ ಸರಿಯಾದ ಕ್ಲಾರೆಂಡನ್ನಿನ ಹಂತವನ್ನು ಆಮೇಲೆ ಆರಿಸಿ, ಸಣ್ಣದಾಗಿ ಕೆಳಗಿಡಿ.

ಹಣದ ವಿಷಯ: ಐಡೆನ್‌ಬೆನ್ಸ್ ಅವರ ಕ್ಲಾರೆಂಡನ್ ಪರವಾನಗಿ ಪಡೆದು ಬಳಸಬೇಕಾದ ಫಾಂಟ್. ಓವೆನ್ ಅರ್ಲ್ ಎಂಬ ವಿನ್ಯಾಸಕಾರರು ಹಳೆಯ ಕ್ಲಾರೆಂಡನ್ನನ್ನು ಆಧರಿಸಿ ಬೆಸ್ಲಿ ಎಂಬ ಹೆಸರಿನಲ್ಲೇ ಒಂದು ಕುಟುಂಬವನ್ನು ಮುಕ್ತ ಪರವಾನಗಿಯಡಿ ಕೊಟ್ಟಿದ್ದಾರೆ. ಅದು ಗೂಗಲ್ ಫಾಂಟ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ವ್ಯಾಪಾರಕ್ಕೂ ಬಳಸಬಹುದು, ಓರೆ ರೂಪವೂ ಇದೆ. ಮೇಲೆ ಹೆಸರಿಸಿದ ನೋಟೊ, ಅನೇಕ್, ಬಲೂ ತಮ್ಮ ಮತ್ತು ಟೀರೋ ಕನ್ನಡ ಫಾಂಟುಗಳೂ ಅದೇ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.